ಹಾಯುವ ದನ ಯಾರ ಮನೆಯದೆಂದು ಊರಿಗೇ ಗೊತ್ತು

ನೆಮ್ಮಾರ್ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ದನ ಸಾಕಿರುವ ಎಲ್ಲ ಮನೆಯವರಿಗೆ,



ದನ ಸಾಕಬೇಡಿ ಎಂದು ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನಮ್ಮ ಕೊಟ್ಟಿಗೆಯಲ್ಲೂ ದನ ಇದೆ. ಗೊಬ್ಬರವಿಲ್ಲದೆ ಅಡಿಕೆ ತೋಟ ಉಳಿಯುವುದಿಲ್ಲ ಎಂಬುದು ನನಗೂ ಗೊತ್ತು. ದನವನ್ನು ಮೇಯಲು ಬಿಡಲೇಬೇಡಿ ಎಂದೂ ನಾನು ಹೇಳುವುದಿಲ್ಲ. ಕೇಳುವುದು ಇಷ್ಟೇ: ಮನುಷ್ಯರ ಮೇಲೆ ಹಾಯುತ್ತದೆ ಎಂದು ನಿಮಗೆ ಗೊತ್ತಿರುವ ದನವನ್ನು ಬಿಡಬೇಡಿ.

ಅಂಥವು ಊರಿಗೆ ಒಂದೋ ಎರಡೋ ಇರುತ್ತವೆ. ಯಾವುವು ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಹಾಲು ಹಾಕಲು ಹೋಗುವವರಿಗೆ ಗೊತ್ತು, ತೋಟದ ಕೆಲಸಕ್ಕೆ ಬರುವ ಹೆಂಗಸರಿಗೆ ಗೊತ್ತು, ಬಸ್ಸಿಗೆ ಓಡುವ ಮಕ್ಕಳಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿರುತ್ತದೆ. ಆದರೆ ಬಾಯಿ ಬಿಟ್ಟು ಹೇಳುವವರಿಲ್ಲ. ನಾಳೆ ಅಡಿಕೆ ಸುಲಿಯುವುದಕ್ಕೆ, ಗದ್ದೆ ನೆಟ್ಟಿಗೆ, ನಡುರಾತ್ರಿ ಆಸ್ಪತ್ರೆಗೆ ಹೋಗಲು ಜೀಪಿಗೆ ಅದೇ ಮನೆಯ ಬಾಗಿಲಿಗೆ ಹೋಗಬೇಕು. ಒಂದು ಹೋರಿಯ ಕಾರಣಕ್ಕೆ ಮಾತು ಬಿಡುವುದು ಯಾರಿಗೆ ಬೇಕು? ಹಾಗಾಗಿ ಜನ ದನದ ಒಡೆಯರಿಗೆ ಹೇಳುವ ಬದಲು ತಾವೇ ದಾರಿ ಬದಲಿಸುತ್ತಾರೆ. ಗದ್ದೆ ಅಂಚಿನ ಹತ್ತಿರದ ದಾರಿ ಬಿಟ್ಟು ಟಾರು ರಸ್ತೆ ಸುತ್ತಿ ಬರುತ್ತಾರೆ, ಅಜ್ಜಿಯಂದಿರು ಒಬ್ಬರೇ ಹೊರಡುವುದನ್ನು ನಿಲ್ಲಿಸುತ್ತಾರೆ. ದನದ ಒಡೆಯರಿಗೆ ಇದು ಕಾಣುವುದೇ ಇಲ್ಲ. ದೂರು ಬಂದಿಲ್ಲ, ಆದ್ದರಿಂದ ತೊಂದರೆಯೂ ಇಲ್ಲ ಎಂದುಕೊಳ್ಳುತ್ತಾರೆ.

ಯಾರಾದರೂ ಧೈರ್ಯ ಮಾಡಿ ಹೇಳಿದರೆ ಬರುವ ಉತ್ತರವೂ ಎಲ್ಲ ಕಡೆ ಒಂದೇ: "ಅಯ್ಯೋ, ಅದು ಪಾಪ. ನಮ್ಮ ಮನೆ ಮಕ್ಕಳು ಕೋಡು ಹಿಡಿದು ಆಡ್ತಾವೆ." ಇದು ಸುಳ್ಳಲ್ಲ. ನಿಮ್ಮ ಮನೆಯ ಮಕ್ಕಳ ವಾಸನೆ, ದನಿ, ಹಿಂಡಿ ಬಕೆಟ್ಟಿನ ಸದ್ದು ಎಲ್ಲವೂ ಅದಕ್ಕೆ ಪರಿಚಯ. ಪಕ್ಕದ ಮನೆಯ ಮಗುವಿನದು ಪರಿಚಯವಿಲ್ಲ. ಅಷ್ಟೇ ಅಲ್ಲ, ಹೀಗೆ ಮುದ್ದಿನಿಂದ ಬೆಳೆದ ಹೋರಿಗರುವೇ ದೊಡ್ಡದಾದ ಮೇಲೆ ಎಲ್ಲಕ್ಕಿಂತ ಅಪಾಯ. ತಾಯಿಯಿಂದ ಬೇರೆ ಮಾಡಿ, ಬಾಟಲಿಯಲ್ಲಿ ಹಾಲು ಕುಡಿಸಿ, ಹಣೆ ತಿಕ್ಕಿ, ಗುದ್ದಾಡಿಸಿ ಬೆಳೆಸಿದ ಗಂಡುಕರು ಮನುಷ್ಯನನ್ನೂ ತನ್ನ ಹಿಂಡಿನ ಇನ್ನೊಂದು ಹೋರಿ ಎಂದೇ ತಿಳಿಯುತ್ತದೆ. ಪ್ರಾಯಕ್ಕೆ ಬಂದಾಗ ಆ ಇನ್ನೊಂದು ಹೋರಿಯನ್ನು ಬಗ್ಗಿಸಲು ನೋಡುತ್ತದೆ. ಕಾಡಿನಲ್ಲಿ ಹಿಂಡಿನ ಜೊತೆ ಬೆಳೆದು ಮನುಷ್ಯರನ್ನು ಕಂಡರೆ ದೂರ ಸರಿಯುವ ಮಲೆನಾಡು ಗಿಡ್ಡ ತಳಿಯ ಹೋರಿ ಇದಕ್ಕಿಂತ ಎಷ್ಟೋ ವಾಸಿ. ಕರು ಚಿಕ್ಕದಿದ್ದಾಗ ತಲೆ ಗುದ್ದಿಸುವ ಆಟ ಆಡಬೇಡಿ, ಮಕ್ಕಳಿಗೂ ಆಡಲು ಬಿಡಬೇಡಿ.

ದನ ಹೀಗೆ ಒಂಟಿಯಾಗಿ ರಸ್ತೆಯಲ್ಲಿ, ಹಕ್ಕಲಿನಲ್ಲಿ, ಕಂಡವರ ತೋಟದಲ್ಲಿ ಅಲೆಯುವಂತೆ ಆದದ್ದಕ್ಕೆ ನಿಮ್ಮನ್ನು ಮಾತ್ರ ದೂರುವುದು ನ್ಯಾಯವಲ್ಲ. ಒಂದು ಕಾಲಕ್ಕೆ ಬೆಳಿಗ್ಗೆ ಉಣುಗೋಲು ಸರಿಸಿದರೆ ಊರ ದನವೆಲ್ಲ ಒಟ್ಟಾಗಿ ಗುಡ್ಡ ಹತ್ತುತ್ತಿದ್ದವು. ಹಿಂದೆ ಒಬ್ಬ ದನ ಕಾಯುವ ಹುಡುಗ, ಸಂಜೆ ಕತ್ತಲಾಗುವ ಮೊದಲು ಗಂಟೆ ಸದ್ದಿನೊಂದಿಗೆ ವಾಪಸು. ಆ ಹುಡುಗ ಶಾಲೆಗೆ ಹೋದ, ಅದು ಒಳ್ಳೆಯದೇ ಆಯಿತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು, ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಉಳಿದ ಬೇಣಗಳಲ್ಲಿ ಎಷ್ಟೋ ಕಾಫಿ, ಅಡಿಕೆ ತೋಟವಾದವು, ಕೆಲವೆಡೆ ಅಕೇಶಿಯಾ ನಿಂತಿತು. ಉಳುಮೆಗೆ ಟಿಲ್ಲರ್ ಬಂದ ಮೇಲೆ ಗಂಡುಕರುವಿಗೆ ಕೆಲಸವಿಲ್ಲ. 2021ರ ಜನವರಿಯಿಂದ ಜಾರಿಯಾದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ನಂತರ ಅದನ್ನು ಮಾರುವ ದಾರಿಯೂ ಮುಚ್ಚಿತು. ಆ ಕಾನೂನು ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ, ಅದಕ್ಕೆ ಬೇಕಾದಷ್ಟು ಜಗಲಿಗಳಿವೆ. ಆದರೆ ಸಾಕಲೂ ಆಗದ, ಮಾರಲೂ ಆಗದ ಹೋರಿಗರುವನ್ನು ರಾತ್ರಿ ಹೊತ್ತು ಹೆದ್ದಾರಿ ಬದಿಗೆ ಬಿಟ್ಟು ಬರುವವರಿದ್ದಾರೆ ಎಂಬುದು ಎಲ್ಲರೂ ನೋಡಿರುವ ಸಂಗತಿ.

ತಳಿಯೂ ಬದಲಾಗಿದೆ. ಮಲೆನಾಡು ಗಿಡ್ಡ ಮೂರಡಿ ಎತ್ತರದ ಪ್ರಾಣಿ. ಬೇಲಿ ಹಾರುವುದರಲ್ಲಿ ಅದನ್ನು ಮೀರಿಸುವ ತಳಿಯಿಲ್ಲ, ತಂಟೆಯೂ ಹೆಚ್ಚು. ಆದರೂ ಗಟ್ಟಿ ದನಿಯಲ್ಲಿ ಗದರಿಸಿ ಕೋಲೆತ್ತಿದರೆ ಹೆಚ್ಚಿನವು ಜಾಗ ಖಾಲಿ ಮಾಡುತ್ತವೆ. ಎಚ್.ಎಫ್., ಜೆರ್ಸಿ ಮಿಶ್ರತಳಿಯ ಬೆಳೆದ ಹೋರಿ ಅದಕ್ಕಿಂತ ಎಷ್ಟೋ ಪಟ್ಟು ಭಾರ. ಅದು ತಮಾಷೆಗೆ ದೂಡಿದರೂ ಪಕ್ಕೆಲುಬು ಮುರಿಯುತ್ತದೆ.

ಈಗ ನಡೆಯುವವರ ವಿಷಯ. ಇದನ್ನೂ ನಿಮಗೇ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಮನೆಯ ಮಕ್ಕಳೂ ಇನ್ನೊಬ್ಬರ ದನದ ಮುಂದೆ ಹಾದು ಹೋಗುವವರೇ.

ಹೋರಿ ಹಾಯುವ ಮೊದಲು ಹೇಳಿಯೇ ಹಾಯುತ್ತದೆ. ಆ ಹೇಳಿದ್ದು ನಮಗೆ ಅರ್ಥವಾಗಬೇಕು. ಮೊದಲು ಅದು ನೇರವಾಗಿ ಎದುರಿಗೆ ಬರುವುದಿಲ್ಲ. ಪಕ್ಕಕ್ಕೆ ತಿರುಗಿ, ಬೆನ್ನು ಉಬ್ಬಿಸಿ, ತನ್ನ ಇಡೀ ಮೈ ಕಾಣುವಂತೆ ಅಡ್ಡ ನಿಲ್ಲುತ್ತದೆ. ಕುತ್ತಿಗೆ ಬಿಗಿಯಾಗಿರುತ್ತದೆ, ತಲೆ ತುಸು ಕೆಳಗೆ, ಕಣ್ಣು ನಿಮ್ಮ ಮೇಲೆ. ನಮ್ಮಲ್ಲಿ ಎಷ್ಟೋ ಜನ ಇದನ್ನು ನೋಡಿ "ದಾರಿ ಬಿಟ್ಟು ಪಕ್ಕಕ್ಕೆ ನಿಂತಿದೆ" ಎಂದುಕೊಂಡು ಮುಂದೆ ಹೋಗುತ್ತಾರೆ. ಅದು ದಾರಿ ಬಿಟ್ಟದ್ದಲ್ಲ, ಎಚ್ಚರಿಕೆ ಕೊಟ್ಟದ್ದು. ಆಮೇಲೆ ಗುಟುರು ಹಾಕುತ್ತದೆ, ಮುಂಗಾಲಿನಿಂದ ಮಣ್ಣು ಕೆರೆದು ಬೆನ್ನಿನ ಮೇಲೆ ಎರಚಿಕೊಳ್ಳುತ್ತದೆ, ಕೋಡಿನಿಂದ ದರೆಯನ್ನು ತಿವಿಯುತ್ತದೆ. ಇಷ್ಟಾಗುವವರೆಗೆ ನೀವು ಅಲ್ಲೇ ನಿಂತಿದ್ದರೆ ತಡವಾಯಿತು. ಅಡ್ಡ ನಿಂತದ್ದು ಕಂಡ ಕೂಡಲೇ ಹಿಂದೆ ಸರಿಯಬೇಕು. ಬೆನ್ನು ತಿರುಗಿಸಬಾರದು, ಓಡಬಾರದು. ಮುಖ ಅದರ ಕಡೆಗೇ ಇಟ್ಟುಕೊಂಡು ಓರೆಯಾಗಿ, ನಿಧಾನವಾಗಿ, ಹತ್ತಿರದ ತಡಮೆಯನ್ನೋ ದೊಡ್ಡ ಮರವನ್ನೋ ಸೇರಬೇಕು. ಅಡಿಕೆ ಮರದ ಹಿಂದೆ ನಿಂತು ಪ್ರಯೋಜನವಿಲ್ಲ, ಹಲಸು ಮಾವು ಹುಡುಕಿ. ಬಂದೇ ಬಿಟ್ಟರೆ ಕೈಯಲ್ಲಿರುವ ಕೊಡೆಯನ್ನೋ ಚೀಲವನ್ನೋ ಒಂದು ಕಡೆಗೆ ಎಸೆದು ನೀವು ಇನ್ನೊಂದು ಕಡೆಗೆ ಹಾರಿ. ನುಗ್ಗಿ ಬರುವ ಭಾರದ ಪ್ರಾಣಿಗೆ ತಟ್ಟನೆ ತಿರುಗಲು ಕಷ್ಟ. ಬಿದ್ದರೆ ಏಳಲು ಒದ್ದಾಡದೆ, ಕವುಚಿ ಮುದುಡಿ, ತಲೆ ಕುತ್ತಿಗೆಯನ್ನು ಕೈಯಿಂದ ಮುಚ್ಚಿಕೊಂಡು, ಅದು ಹಿಂದೆ ಸರಿದಾಗ ಉರುಳಿ ಬೇಲಿ ದಾಟಬೇಕು.

ಹೋರಿಗಿಂತ ಹೆಚ್ಚು ಜನ ಪೆಟ್ಟು ತಿನ್ನುವುದು ಹಸಿ ಬಾಣಂತಿ ದನದಿಂದ ಇರಬೇಕು ಎಂದು ನನ್ನ ಅಂದಾಜು. ಗಿಡ್ಡ ದನ ಹಕ್ಕಲಿನಲ್ಲೇ ಕರು ಹಾಕಿ, ಅದನ್ನು ಪೊದೆಯೊಳಗೆ ಮಲಗಿಸಿ ತಾನು ಸ್ವಲ್ಪ ದೂರದಲ್ಲಿ ಮೇಯುತ್ತದೆ. ಸೊಪ್ಪಿಗೆ, ಸೌದೆಗೆ, ಮಳೆಗಾಲದ ಮೊದಲಲ್ಲಿ ಅಣಬೆಗೆ ಹೋದವರಿಗೆ ಕರು ಕಾಣುವುದಿಲ್ಲ. ಪೊದೆಗೆ ಕೈ ಹಾಕಿದ ಕ್ಷಣ ಹಿಂದಿನಿಂದ ತಾಯಿ ಬಂದಿರುತ್ತದೆ. ಅದು ಹೋರಿಯ ಹಾಗೆ ಮುನ್ಸೂಚನೆ ಕೊಡುತ್ತಾ ನಿಲ್ಲುವುದಿಲ್ಲ. ತಲೆ ಎತ್ತಿ, ಕಿವಿ ಮುಂದಕ್ಕೆ ನಿಮಿರಿಸಿ ನೆಟ್ಟ ಕಣ್ಣಿನಿಂದ ಒಮ್ಮೆ ನೋಡಿತೆಂದರೆ ಮುಂದಿನದು ಹಾಯುವುದೇ. ಒಂಟಿ ದನ ಒಂದೇ ಜಾಗ ಬಿಟ್ಟು ಕದಲದಿದ್ದರೆ ಹತ್ತಿರದಲ್ಲೆಲ್ಲೋ ಕರು ಇದೆ ಎಂದೇ ತಿಳಿದು ಸುತ್ತು ಹಾಕಿ ಹೋಗಬೇಕು. ನಿಮ್ಮ ಮನೆಯದು ದಿನ ತುಂಬಿದ ದನವಾದರೆ ದಯವಿಟ್ಟು ಆ ವಾರ ಕೊಟ್ಟಿಗೆಯಲ್ಲೇ ಕಟ್ಟಿ.

ಜೊತೆಗೆ ನಾಯಿ ಇದ್ದರೆ ಇನ್ನೂ ಕಷ್ಟ. ದನ ನಾಯಿಯನ್ನು ಅಟ್ಟುತ್ತದೆ, ನಾಯಿ ಓಡಿ ಬಂದು ಒಡೆಯನ ಕಾಲಿನ ಹಿಂದೆ ಅಡಗುತ್ತದೆ. ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ದನ ತುಳಿದು ಸತ್ತ ದಾರಿಹೋಕರಲ್ಲಿ ಅನೇಕರ ಜೊತೆ ನಾಯಿ ಇತ್ತು. ಅಲ್ಲಿನವರು ಹೇಳುವ ಬುದ್ಧಿ ಇಲ್ಲಿಗೂ ಸಲ್ಲುತ್ತದೆ: ನಾಯಿಯನ್ನು ಬಿಟ್ಟುಬಿಡಿ, ಅದು ತಪ್ಪಿಸಿಕೊಳ್ಳುತ್ತದೆ. ಮಲಗಿದ ದನದ ಹಿಂದಿನಿಂದ ಸದ್ದಿಲ್ಲದೆ ಹೋಗಬೇಡಿ, ದನಕ್ಕೆ ಸುತ್ತಲೂ ಕಂಡರೂ ನೇರ ಬೆನ್ನ ಹಿಂದೆ ಕಾಣುವುದಿಲ್ಲ. ದೂರದಿಂದಲೇ "ಹೋ ಹೋ" ಎನ್ನುತ್ತಾ ಹೋದರೆ ಅದು ಬೆಚ್ಚುವುದಿಲ್ಲ.

ಸಾಧು ದನ ಒಮ್ಮೆಗೇ ಬದಲಾದರೆ ಬೇರೆಯದೇ ಅನುಮಾನ ಬರಬೇಕು. ಬಿಡದೆ ಒಡಕು ದನಿಯಲ್ಲಿ ಕೂಗುವುದು, ಬಾಯಲ್ಲಿ ಜೊಲ್ಲು, ಮೇವು ನುಂಗಲು ಆಗದಿರುವುದು, ಕಂಡದ್ದಕ್ಕೆಲ್ಲ ಹಾಯುವುದು ಹುಚ್ಚುನಾಯಿ ಕಡಿತದ ಲಕ್ಷಣ ಇರಬಹುದು. ಗಂಟಲಿಗೆ ಏನೋ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕುವವರಿದ್ದಾರೆ, ಹಾಗೆ ಮಾಡಲೇಬೇಡಿ. ದೂರದಿಂದ ಕಟ್ಟಿ, 1962ಕ್ಕೆ ಫೋನ್ ಮಾಡಿ ಪಶುವೈದ್ಯರನ್ನು ಕರೆಸಿ. ಜೊಲ್ಲು ತಾಗಿದವರು ಸೋಪು ಹಚ್ಚಿ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು, ಮನೆಮದ್ದು ನೆಚ್ಚಿ ಕೂರುವ ಕಾಯಿಲೆ ಇದಲ್ಲ.

ಕೋಡಿನ ಗಾಯದ ಬಗ್ಗೆಯೂ ಒಂದು ಮಾತು. ಹೊರಗೆ ಕಾಣುವ ತೂತು ಚಿಕ್ಕದು, ಒಳಗಿನ ಗಾಯ ಆಳ. ಚರ್ಮ ಹರಿಯದಿದ್ದರೂ ಹೊಟ್ಟೆಗೆ ಬಿದ್ದ ಪೆಟ್ಟಿನಿಂದ ಒಳಗೇ ರಕ್ತ ಹೋಗುತ್ತಿರಬಹುದು. "ಏನಾಗಿಲ್ಲ, ಸ್ವಲ್ಪ ನೋವು" ಎಂದು ಕಾಫಿ ಕುಡಿದು ಮಲಗಿಸಬೇಡಿ. 108 ಕರೆದು ಆಸ್ಪತ್ರೆಗೆ ಕಳಿಸಿ, ಧನುರ್ವಾಯು ಇಂಜೆಕ್ಷನ್ ತಪ್ಪಿಸಬೇಡಿ. ಹೊಟ್ಟೆ ಸೀಳಿ ಕರುಳು ಹೊರಗೆ ಬಂದಿದ್ದರೆ ಒಳಗೆ ತುರುಕದೆ ಶುಭ್ರವಾದ ಒದ್ದೆ ಬಟ್ಟೆ ಮುಚ್ಚಿ ಸಾಗಿಸಿ. ನೆಮ್ಮಾರಿನಿಂದ ಶೃಂಗೇರಿ ಹತ್ತಿರವೇ. ಆದರೆ ದೊಡ್ಡ ಆಪರೇಷನ್ ಎಂದರೆ ನಮಗೆ ಮಣಿಪಾಲ, ಶಿವಮೊಗ್ಗ ಅಥವಾ ಮಂಗಳೂರೇ ಗತಿ. ಘಟ್ಟದ ರಸ್ತೆಯಲ್ಲಿ ಹೋಗುವ ಸಮಯವನ್ನೂ ಲೆಕ್ಕ ಹಾಕಿ.

2025ರ ಅಕ್ಟೋಬರ್ ಕೊನೆಯಲ್ಲಿ ನಮ್ಮ ಪಕ್ಕದ ಕೆರೆಕಟ್ಟೆಯಲ್ಲಿ ಕಾಡಾನೆ ಇಬ್ಬರ ಜೀವ ತೆಗೆದಾಗ ಇಡೀ ತಾಲ್ಲೂಕು ಸಿಟ್ಟಾಯಿತು, ಆಗಲೇಬೇಕಿತ್ತು. ಅದೇ ತಿಂಗಳ ದೀಪಾವಳಿಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಹಬ್ಬದ ವೇಳೆ ಹೋರಿ ಹಾಯ್ದು ಜನ ಸತ್ತರು. ಸತ್ತವರಲ್ಲಿ ಹೋರಿ ಹಿಡಿಯಲು ಹೋಗದೆ ಸುಮ್ಮನೆ ರಸ್ತೆಯಲ್ಲಿದ್ದವರೂ ಇದ್ದರು. ಆನೆ ತುಳಿದರೆ ಕೇಳಲು ಅರಣ್ಯ ಇಲಾಖೆ ಇದೆ, ಪರಿಹಾರಕ್ಕೆ ಒಂದು ಲೆಕ್ಕ ಇದೆ. ನೆರೆಮನೆಯ ಹೋರಿ ಹಾಯ್ದರೆ ಕೇಳಬೇಕಾದ್ದು ನಿಮ್ಮನ್ನೇ.

ಕಾನೂನೂ ಅದನ್ನೇ ಹೇಳುತ್ತದೆ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು 2024ರ ಜುಲೈ 1ರಿಂದ ಜಾರಿಯಲ್ಲಿದೆ, ಮೊದಲು ಐಪಿಸಿ 289 ಆಗಿದ್ದದ್ದೇ ಇದು. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೋ ತೀವ್ರ ಗಾಯಕ್ಕೋ ಸಂಭವವಿದ್ದಾಗ, ಗೊತ್ತಿದ್ದೂ ಅಥವಾ ಅಲಕ್ಷ್ಯದಿಂದ ಮುನ್ನೆಚ್ಚರಿಕೆ ತೆಗೆದುಕೊಳ್ಳದವರಿಗೆ ಆರು ತಿಂಗಳವರೆಗೆ ಸಜೆ, ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ದನ ಮೊದಲು ಒಬ್ಬರಿಗೆ ಹಾಯ್ದಿದೆ ಎಂದು ನಿಮಗೆ ತಿಳಿಸಿದ ಮೇಲೂ ಬಿಟ್ಟರೆ "ಗೊತ್ತಿರಲಿಲ್ಲ" ಎಂಬ ಮಾತು ನಡೆಯುವುದಿಲ್ಲ. ಕಿವಿಯೋಲೆಯ ಹನ್ನೆರಡು ಅಂಕಿಗಳ ಹಿಂದೆ ನಿಮ್ಮ ಹೆಸರಿದೆ, ಆದ್ದರಿಂದ "ಅದು ನಮ್ಮದಲ್ಲ" ಎಂಬುದೂ ನಡೆಯದು. 2023ರ ಆಗಸ್ಟ್‌ನಲ್ಲಿ ಚೆನ್ನೈನ ಅರುಂಬಾಕ್ಕಂನಲ್ಲಿ ಶಾಲೆಯಿಂದ ಮನೆಗೆ ಹೋಗುತ್ತಿದ್ದ ಹುಡುಗಿಯನ್ನು ಹಸುವೊಂದು ಕೋಡಿನಿಂದ ಎತ್ತಿ ಎಸೆದು ತುಳಿದ ವಿಡಿಯೋ ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ಆ ಹಸುವಿನ ಒಡೆಯನನ್ನು ಪೊಲೀಸರು ಬಂಧಿಸಿದರು.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹೆದ್ದಾರಿಗಳಿಂದ ಬಿಡಾಡಿ ದನಗಳನ್ನು ತೆರವು ಮಾಡಿ ಆಶ್ರಯಕ್ಕೆ ಸೇರಿಸಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ನಮ್ಮೂರ ನಡುವೆ ಹೋಗುವ ರಸ್ತೆಯೂ ರಾಷ್ಟ್ರೀಯ ಹೆದ್ದಾರಿ 169. ಮಳೆಗಾಲದಲ್ಲಿ ನೆಲವೆಲ್ಲ ಕೆಸರು, ಉಣ್ಣೆ ನೊಣದ ಕಾಟ ಬೇರೆ. ದನಕ್ಕೆ ಟಾರು ರಸ್ತೆಯೇ ಒಣಗಿದ, ಬೆಚ್ಚಗಿನ ಜಾಗ. ತಿರುವಿನಾಚೆ ಕಪ್ಪು ದನ ಮಲಗಿರುವುದು ಮಂಜಿನಲ್ಲಿ ಬೈಕಿನವನಿಗೆ ಹೇಗೆ ಕಾಣಬೇಕು? ಕಾರ್ಕಳದ ಕಡೆಯಿಂದ ಮೊದಲ ಸಲ ಶೃಂಗೇರಿಗೆ ಬರುವ ಯಾತ್ರಿಕನಿಗೆ ಇಲ್ಲಿ ದನ ಇರುತ್ತದೆ ಎಂದು ಯಾರು ಹೇಳಬೇಕು?

ಆದರೂ ಕಾನೂನನ್ನೇ ನೆಚ್ಚಿಕೊಂಡು ಕೂರುವವನು ನಾನಲ್ಲ. ಗುಜರಾತ್ ವಿಧಾನಸಭೆ 2022ರಲ್ಲಿ ಪಟ್ಟಣಗಳ ದನ ನಿಯಂತ್ರಣಕ್ಕೆ ಮಸೂದೆ ಪಾಸು ಮಾಡಿತು. ದನ ಸಾಕುವ ಮಾಲ್ಧಾರಿಗಳು ಬೀದಿಗಿಳಿದರು, ಸೆಪ್ಟೆಂಬರಿನಲ್ಲಿ ಅದನ್ನು ವಾಪಸು ಪಡೆಯಬೇಕಾಯಿತು. ಇದರ ನಡುವೆ ಆಗಸ್ಟ್‌ನಲ್ಲಿ ಕಡಿ ಪಟ್ಟಣದ ತಿರಂಗಾ ಯಾತ್ರೆಯಲ್ಲಿ ಅಲ್ಲಿನ ಮಾಜಿ ಉಪಮುಖ್ಯಮಂತ್ರಿ ನಿತಿನ್ ಪಟೇಲ್ ಅವರನ್ನೇ ಬಿಡಾಡಿ ದನ ಕೆಡವಿ ಕಾಲಿನ ಮೂಳೆ ಮುರಿದಿತ್ತು. ದನ ಸಾಕುವವರು ಒಪ್ಪದೆ ಯಾವ ಕಾನೂನೂ ನಿಲ್ಲುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅದಕ್ಕೇ ಈ ಪತ್ರವನ್ನು ಪೊಲೀಸ್ ಠಾಣೆಗೆ ಬರೆಯದೆ ನಿಮಗೆ ಬರೆದದ್ದು.

ಮಾಡಬಹುದಾದ್ದು ದೊಡ್ಡದೇನಲ್ಲ. ಹಾಯುವ ದನಕ್ಕೆ ಮೂಗುದಾರ ಹಾಕಿ, ಕಟ್ಟಿ ಮೇಯಿಸಿ. ತಳಿಗೆ ಬೇಡದ ಗಂಡುಕರುವಿನ ಬೀಜ ಒಡೆಸಿ, ಪಶು ಆಸ್ಪತ್ರೆಯಲ್ಲಿ ಮಾಡಿಕೊಡುತ್ತಾರೆ. ಪ್ರಾಯಕ್ಕೆ ಬರುವ ಮೊದಲೇ ಮಾಡಿಸಬೇಕು, ಹಾಯುವ ಚಟ ಹತ್ತಿದ ಮೇಲೆ ಮಾಡಿಸಿದರೆ ಅರ್ಧ ಗುಣವಷ್ಟೇ. ಮಿಶ್ರತಳಿ ಕರುವಿನ ಕೋಡಿನ ಮೊಗ್ಗನ್ನು ಮೊದಲ ತಿಂಗಳುಗಳಲ್ಲೇ ವೈದ್ಯರಿಂದ ಸುಡಿಸಬಹುದು. ಹೆಣ್ಣುಕರು ಮಾತ್ರ ಬೇಕೆನ್ನುವವರು ಲಿಂಗ ವಿಂಗಡಿಸಿದ ವೀರ್ಯ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ರಸ್ತೆಗೆ ಬರುವ ದನದ ಕೊರಳಿಗೆ ಗಂಟೆ ಕಟ್ಟಿ, ರಾತ್ರಿ ಹೊಳೆಯುವ ಪಟ್ಟಿ ಹಾಕಿ. ಎಲ್ಲಕ್ಕಿಂತ ಮೊದಲು, ನಿಮ್ಮ ದನ ಯಾರನ್ನಾದರೂ ಕೆಡವಿದರೆ ಅವರ ಮನೆಗೆ ನೀವೇ ಹೋಗಿ ಮಾತಾಡಿ, ಆಸ್ಪತ್ರೆ ಖರ್ಚು ಕೊಡಿ. ನೆರೆಯವರು ನಿಷ್ಠುರವಾಗುವುದು ದನ ಹಾಯ್ದದ್ದಕ್ಕಲ್ಲ, ಹಾಯ್ದ ಮೇಲೆ ನೀವು ಅತ್ತ ತಲೆ ಹಾಕದೆ ಇದ್ದದ್ದಕ್ಕೆ.

ದನ ನುಗ್ಗಿದ ಸಿಟ್ಟಿಗೆ ಬಿಸಿನೀರು ಎರಚುವವರಿಗೆ, ಕತ್ತಿ ಬೀಸುವವರಿಗೆ, ಬೇಲಿಗೆ ಮನೆಯ ಕರೆಂಟು ಕೊಡುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಅದು ಕ್ರೌರ್ಯ, ಅಪರಾಧ ಕೂಡ. ಆ ತಂತಿಗೆ ನಾಳೆ ಸಿಗುವುದು ದನವೇ ಆಗಿರಬೇಕೆಂದಿಲ್ಲ, ಹೂ ಕೊಯ್ಯಲು ಬಂದ ಮಗುವೂ ಆಗಬಹುದು. ಗಾಯ, ನಷ್ಟ ಏನಾದರೂ ಆದರೆ ಫೋಟೋ ತೆಗೆದು, ತಾರೀಖು ಬರೆದು, ಮೊದಲು ಒಡೆಯರಿಗೆ, ಆಮೇಲೆ ಪಂಚಾಯಿತಿಗೆ ಬರವಣಿಗೆಯಲ್ಲಿ ಕೊಡಿ.

ಬೆಳೆಗೆ ನುಗ್ಗಿದ ದನವನ್ನು ಹಿಡಿದು ದೊಡ್ಡಿಗೆ ಹೊಡೆಯುವ ಹಕ್ಕನ್ನು 1871ರ ಕಾಯ್ದೆಯೇ ಕೊಟ್ಟಿತ್ತು, ಕರ್ನಾಟಕ 1966ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಒಡೆಯ ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕಿತ್ತು. ಆ ದಂಡಕ್ಕಿಂತ, ದೊಡ್ಡಿಯ ಮುಂದೆ ನಿಂತು ನಾಲ್ಕು ಜನರ ಕಣ್ಣಿಗೆ ಬೀಳುವ ನಾಚಿಕೆಯೇ ಹೆಚ್ಚು ಕೆಲಸ ಮಾಡುತ್ತಿತ್ತು. ಕಾಯ್ದೆ ಪುಸ್ತಕದಲ್ಲಿದೆ, ದನ ಹೊಡೆದುಕೊಂಡು ಹೋಗಲು ದೊಡ್ಡಿಯೇ ಇಲ್ಲ. ನೆಮ್ಮಾರ್ ಗ್ರಾಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ದೊಡ್ಡಿಯ ವಿಷಯವನ್ನು ನಾನು ಎತ್ತುತ್ತೇನೆ. ವಿರೋಧಿಸುವುದಾದರೂ ಸರಿ, ಮನೆಗೊಬ್ಬರು ಬನ್ನಿ. ಅಲ್ಲಿಯವರೆಗೆ ಹಾಯುವ ದನವನ್ನು ಕಟ್ಟಿಡಿ.

ಇಂತಿ,
ನಿಮ್ಮ ನೆರೆಯವ,
ನೆಮ್ಮಾರ್